ಹಂಪಿಗೆ ಹೋದ ಫೈಲು

ಕೋಯಮತ್ತೂರಿನ ಗಾಂಧಿಪುರದ ಒಂದು ಕೋಚಿಂಗ್ ಸೆಂಟರಿನವರು ಆಗಾಗ ನನ್ನನ್ನು ಕರೆದು, ಶಾಲು ಹೊದಿಸಿ, ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆಯುವ ಮಕ್ಕಳ ಮುಂದೆ ಕೂರಿಸುತ್ತಾರೆ. "ಸಾರ್ ತಹಸೀಲ್ದಾರರಾಗಿದ್ದವರು, ಆಮೇಲೆ ಪರದೇಶದಲ್ಲಿ ನಮ್ಮ ರಾಯಭಾರ ಕಚೇರಿಯಲ್ಲಿದ್ದವರು, ಈಗ ಇತಿಹಾಸ ಬರೀತಾರೆ" ಅಂತ ಪರಿಚಯ. ಮಕ್ಕಳು ಕೇಳುವುದೆಲ್ಲ ಇಷ್ಟೇ: ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ, ಕಾರು ಯಾವಾಗ ಕೊಡ್ತಾರೆ, ಫಾರಿನ್ ಪೋಸ್ಟಿಂಗ್ ಸಿಗುತ್ತಾ. ಕೆಲಸ ಹೇಗಿರುತ್ತೆ ಅಂತ ಒಬ್ಬರೂ ಕೇಳಿದ್ದಿಲ್ಲ. ಕೇಳಿದ್ದರೂ ಅಲ್ಲಿ ಹೇಳುತ್ತಿರಲಿಲ್ಲ ಅನ್ನಿ. ಅವರಪ್ಪ ಅಮ್ಮ ಕಷ್ಟಪಟ್ಟು ಫೀಸು ಕಟ್ಟಿರುತ್ತಾರೆ, ಅವರ ಆಸೆಗೆ ನಾನು ಯಾಕೆ ಮಣ್ಣು ಹಾಕಲಿ.

ಆದರೆ ಬರೆದಿಡಬಹುದಲ್ಲ. ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು, ಇಲ್ಲಿ ಯಾರೂ ಓದುವುದಿಲ್ಲ.

ನಾನು ಸಿಂಗಾನಲ್ಲೂರಿನವನು. ತಾತ ಕೈಮಗ್ಗ ನೇಯುತ್ತಿದ್ದರು, ಅಪ್ಪ ಮಿಲ್ಲಿಗೆ ಸೇರಿದರು. ನಮ್ಮದು ಕನ್ನಡದ ನೇಕಾರರ ಮನೆ. ಈ ಸೀಮೆಯಲ್ಲಿ ಅಂಥ ಮನೆಗಳು ತುಂಬ ಇವೆ, ಕರುಮತ್ತಂಪಟ್ಟಿ ಕಡೆ ಹೋದರೆ ಬೀದಿಗೆ ಬೀದಿಯೇ ನಮ್ಮವರದು. ನಮ್ಮಲ್ಲಿ ಹೊಸಲಿನ ಒಳಗೆ ಕನ್ನಡ, ಹೊರಗೆ ತಮಿಳು. ಯಾರೂ ಮಾಡಿದ ಕಾನೂನಲ್ಲ, ಹಾಗೇ ನಡೆದುಕೊಂಡು ಬಂದಿದೆ. ಮಗು ಸ್ಕೂಲಿಂದ ಬಂದು ಚಪ್ಪಲಿ ಬಿಡುವಾಗಲೇ ಭಾಷೆಯನ್ನೂ ಬಿಚ್ಚಿಟ್ಟು ಒಳಗೆ ಬರುತ್ತದೆ. ಕನ್ನಡ ಬರೆಯೋದು ಓದೋದು ಮಾತ್ರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಕನ್ನಡದ ಅಕ್ಷರ ಕಲಿತಿದ್ದು ತಲೆ ನರೆತ ಮೇಲೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅಂತಾರಲ್ಲ, ನನ್ನ ಒತ್ತಕ್ಷರಗಳನ್ನು ನೋಡಿದರೆ ಗೊತ್ತಾಗುತ್ತದೆ.

ಮೊದಲ ಕೆಲಸ ತಿರುಪ್ಪೂರು ಕಡೆಯ ಒಂದು ತಾಲ್ಲೂಕು ಕಚೇರಿಯಲ್ಲಿ. ಹುಟ್ಟಿದ ಊರು, ಜಾತಿ, ವಾಸ, ವಾರಸು, ಹೀಗೆ ಏನೇನೋ ಹೆಸರಿನ ಸರ್ಟಿಫಿಕೇಟು ಕೊಡುವುದು. ಎಲ್ಲದರ ತಿರುಳು ಒಂದೇ, ಇವನು ಇವನೇ ಹೌದು ಅಂತ ಸಹಿ ಮಾಡುವುದು. ಒಮ್ಮೆ ನಮ್ಮವಳೊಬ್ಬಳು ಮುದುಕಿ ಬಂದು ತಮಿಳಿನಲ್ಲಿ ತಡವರಿಸಿದಳು. ನಾನು ಪಾಪ ಅಂತ ಕನ್ನಡದಲ್ಲಿ ಮಾತಾಡಿಸಿದೆ. ಸಂಜೆಯೊಳಗೆ ನನ್ನ ಮೇಲೆ ಅರ್ಜಿ ಬಿತ್ತು, ಈ ಆಫೀಸರು ಸ್ವಜಾತಿಯವರಿಗೆ ಗುಟ್ಟಿನ ಭಾಷೆಯಲ್ಲಿ ಕೆಲಸ ಮಾಡಿಕೊಡುತ್ತಾನೆ ಅಂತ.

ಮೇಲಧಿಕಾರಿ ಕರೆಸಿದರು. ದೊಡ್ಡ ಮನುಷ್ಯರು, ಬೈಯುವಾಗಲೂ ಕೂರಿಸಿ ಕಾಫಿ ಕೊಟ್ಟೇ ಬೈಯುತ್ತಿದ್ದರು. "ಮನೆ ಭಾಷೇನ ಮನೇಲೇ ಬಿಟ್ಟು ಬಾ. ಇನ್ನೊಂದು ಮಾತು. ಎದುರಿಗಿರೋ ಮುಖ ನೋಡ್ಬೇಡ, ಕಾಗದ ನೋಡು. ಮುಖ ನೋಡಿದ್ರೆ ಕರುಣೆ ಬರುತ್ತೆ, ಕರುಣೆ ಬಂದ್ರೆ ಸಹಿ ತಪ್ಪುತ್ತೆ" ಅಂದರು. ಅವತ್ತಿನಿಂದ ನಾನು ಆಫೀಸಿನಲ್ಲಿ ಕನ್ನಡ ಆಡಲಿಲ್ಲ. ಒಳ್ಳೆ ಅಧಿಕಾರಿ ಅನ್ನಿಸಿಕೊಂಡೆ. ಹೇಗೆ ಮೇಲೆ ಬಂದೆ ಅನ್ನುವ ಕಥೆ ನಿಮಗೆ ಬೇಡ, ನನಗೂ ಬೇಡ.

ವಯಸ್ಸು ಮಾಗಿದ ಮೇಲೆ ಡೆಪ್ಯುಟೇಶನ್ ಮೇಲೆ ಕೊಲ್ಲಿಯ ಒಂದು ದೇಶಕ್ಕೆ ಕಳಿಸಿದರು, ನಮ್ಮ ರಾಯಭಾರ ಕಚೇರಿಯ ಕಾರ್ಮಿಕ ವಿಭಾಗಕ್ಕೆ. ಯಾವ ದೇಶ ಅಂತ ಬರೆಯುವುದಿಲ್ಲ. ನೆಂಟರೆಲ್ಲ "ಅಂಬಾಸಿಡರ್" ಅಂತ ಕರೆಯುವುದಕ್ಕೆ ಶುರು ಮಾಡಿದರು. ನಮ್ಮ ಭಾಗದ ರಾಯಭಾರ ಅಂದರೆ ಆಸ್ಪತ್ರೆ, ಶವಾಗಾರ, ಜೈಲು, ಲೇಬರ್ ಕ್ಯಾಂಪು. ಸೂಟು ಹಾಕಿಕೊಂಡಿದ್ದು ಪಾಸ್‌ಪೋರ್ಟ್ ಫೋಟೋಗೆ ಮಾತ್ರ.

ಅಲ್ಲಿ ನಾನು ಮಾಡಿದ ಎಡವಟ್ಟುಗಳಿಗೆ ಲೆಕ್ಕವಿಲ್ಲ. ಸಾವಿನ ಸುದ್ದಿ ಹೇಳಲು ಊರಿಗೆ ಫೋನ್ ಮಾಡುವಾಗ ಏನು ಹೇಳಬೇಕು ಅಂತ ಯಾವ ಟ್ರೇನಿಂಗಿನಲ್ಲೂ ಹೇಳಿಕೊಡುವುದಿಲ್ಲ. ಮೊದಮೊದಲು ಬಾಯಿ ರೂಢಿಗೆ "ಎಲ್ಲರೂ ಸೌಖ್ಯನಾ?" ಅಂತ ಶುರು ಮಾಡಿಬಿಡುತ್ತಿದ್ದೆ. ಆ ಕಡೆಯಿಂದ ಒಂದು ಹೆಣ್ಣುಧ್ವನಿ "ಎಲ್ಲಾ ಸೌಖ್ಯ ಸಾರ್, ನೀವು ಯಾರು?" ಅನ್ನುತ್ತಿತ್ತು. ಸೌಖ್ಯ ಅಂತ ಅವಳ ಬಾಯಿಂದಲೇ ಅನ್ನಿಸಿ, ಆಮೇಲೆ ನಿನ್ನ ಗಂಡ ಇಲ್ಲ ಅಂತ ಹೇಳಬೇಕು. ಎಷ್ಟೋ ಮನೆಗಳಿಗೆ ಹಾಗೆ ಮಾಡಿದ ಮೇಲೆ ನನಗೆ ಬುದ್ಧಿ ಬಂತು.

ನಿಮಗೆ ಹೇಳಬೇಕು ಅಂತ ಕೂತದ್ದು ರಾಮಲಿಂಗಂ ಅನ್ನುವವನ ವಿಷಯ.

ಆ ದೇಶದಲ್ಲಿ ಒಂದು ಬಂಧನ ಕೇಂದ್ರವಿತ್ತು. ಶಿಕ್ಷೆ ಮುಗಿದ ಪರದೇಶಿಗಳನ್ನು ವಾಪಸ್ಸು ಕಳಿಸುವವರೆಗೆ ಅಲ್ಲಿ ಇಡುತ್ತಾರೆ. ಪಾಸ್‌ಪೋರ್ಟ್ ಇಲ್ಲದವನಿಗೆ ಅವನ ದೇಶದ ರಾಯಭಾರ ಕಚೇರಿ ಒಂದು ತುರ್ತು ಪ್ರಯಾಣ ಪತ್ರ ಕೊಡಬೇಕು. ಕೊಡಬೇಕಾದರೆ ಅವನು ನಮ್ಮವನು ಅಂತ ಅವನ ಊರಿನ ಪೊಲೀಸರು ವಿಚಾರಿಸಿ ಬರೆದು ಕಳಿಸಬೇಕು. ನಾನು ಮೊದಲ ಸಲ ಅಲ್ಲಿಗೆ ಹೋದಾಗ ವಾರ್ಡನ್ ಒಬ್ಬನನ್ನು ತೋರಿಸಿ, "ಇವನ ಕಥೆ ಬೇಡ, ಇವನು ತಮ್ಮವನಲ್ಲ ಅಂತ ನಿಮ್ಮ ದೇಶವೇ ಬರೆದು ಕೊಟ್ಟಿದೆ" ಅಂದ. ಬಡಕಲು ಮನುಷ್ಯ, ಎದೆವರೆಗೆ ಗಡ್ಡ. ತಮಿಳಿನಲ್ಲಿ ಯಾವೂರು ಅಂತ ಕೇಳಿದೆ. ಕರುಮತ್ತಂಪಟ್ಟಿ ಅಂದ. ಅಂದವನು ಮುಖ ಆ ಕಡೆ ತಿರುಗಿಸಿ ತನಗೆ ತಾನೇ, "ಇನ್ನೆಷ್ಟು ಜನಕ್ಕೆ ಹೇಳ್ಬೇಕೋ, ದೇವ್ರೇ" ಅಂತ ಕನ್ನಡದಲ್ಲಿ ಗೊಣಗಿದ.

ನಮ್ಮ ಮನೆಯ ಕನ್ನಡ ಅದು, ನಮ್ಮಜ್ಜಿಯ ಎಳೆತ. ಮೇಲಧಿಕಾರಿ ಹೇಳಿದ್ದೆಲ್ಲ ಮರೆತು, "ನೀನು ಯಾರ ಮನೆಯವನಪ್ಪಾ?" ಅಂತ ಕೇಳಿಬಿಟ್ಟೆ. ನಮ್ಮವರು ಸಿಕ್ಕರೆ ಹೆಸರು ಕೇಳುವ ಮೊದಲು ಕುಲ ಕೇಳುವುದು ರೂಢಿ. ಕುಲ ಗೊತ್ತಾದರೆ ಅಣ್ಣತಮ್ಮನಾ, ಭಾವಮೈದುನನಾ ಅಂತ ಅಲ್ಲೇ ತೀರ್ಮಾನವಾಗುತ್ತದೆ.

"ಇರುಮನೇರು" ಅಂದ. ನನ್ನ ಹೆಂಡತಿಯ ತವರಿನ ಕುಲ. ಹೇಳಿದೆ. ಅವನು ಎರಡೂ ಕೈಯಲ್ಲಿ ನನ್ನ ಕೈ ಹಿಡಕೊಂಡು "ಭಾವಾ" ಅಂದ. ಆಮೇಲೆ ಅತ್ತ. ನಾನೂ ಅತ್ತೆ, ಯಾಕೆ ಮುಚ್ಚಿಡಲಿ.

ಅವನ ಕಥೆ ಇಷ್ಟು. ಅಪ್ಪ ಇಲ್ಲ, ಮನೆಯಲ್ಲಿ ತಾಯಿ ಸೌಡಮ್ಮ, ತಮ್ಮ ಮಣಿ. ಇವನು ಪವರ್‌ಲೂಮ್ ಮೆಕ್ಯಾನಿಕ್. ಟವೆಲ್ ನೇಯುವ ಮಿಲ್ಲಿಗೆ ಅಂತ ಅಲ್ಲಿಗೆ ಹೋದ, ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಂಡ, ಮಿಲ್ಲು ಮುಚ್ಚಿತು, ಮಾಲೀಕನೂ ಪಾಸ್‌ಪೋರ್ಟೂ ಎಲ್ಲೋ ಹೋದವು. ಕಾಗದ ಇಲ್ಲದೆ ಅಲ್ಲಿ ಇಲ್ಲಿ ದುಡಿದು ಸಿಕ್ಕಿಬಿದ್ದ. ಶಿಕ್ಷೆ ಸಣ್ಣದು, ಯಾವತ್ತೋ ಮುಗಿದಿತ್ತು. ಊರಲ್ಲಿ ಗೊತ್ತಿದ್ದ ಒಂದೇ ನಂಬರಿಗೆ ಫೋನು ಹೋಗುತ್ತಿರಲಿಲ್ಲ.

"ಮತ್ತೆ ನಮ್ಮವರು ಬಂದು ವಿಚಾರಿಸಲಿಲ್ವಾ?"

"ಬಂದಿದ್ರು ಭಾವಾ. ನಿಮ್ಗಿಂತ ಮುಂಚೆ ಇದ್ದ ಆಫೀಸರು. ಕರ್ನಾಟಕದವ್ರು. ಅಯ್ಯೋ, ಅವ್ರ ಕನ್ನಡ ಕೇಳ್ಬೇಕು ನೀವು, ರೇಡಿಯೋಲಿ ಬರೋ ಥರ. ನಾನು ಕನ್ನಡ ಕೇಳಿ ಎಷ್ಟು ಕಾಲ ಆಗಿತ್ತು. ಎಲ್ಲಿಯವನಪ್ಪಾ ನೀನು ಅಂತ ಕೇಳಿದ್ರು. ಹಂಪಿಯವನು ಅಂದೆ."

"ಹಂಪಿನಾ? ಯಾಕೋ ಹಾಗಂದೆ?"

"ಕೋಯಮತ್ತೂರು ಅಂದ್ರೆ, ತಮಿಳು ಆಫೀಸರನ್ನ ಕಳಿಸ್ತೀನಿ ಅಂತ ಎದ್ದು ಹೋಗ್ಬಿಡ್ತಾರೆ ಅಂತ ಭಯ ಆಯ್ತು. ನಮ್ಮೋರು ಅಂತ ಅವ್ರಿಗೆ ಅನ್ನಿಸ್ಲಿ ಅಂತ ಹೇಳ್ದೆ. ಅದೇನು ಸುಳ್ಳಾ ಭಾವಾ? ನಾವು ಹಂಪಿಯಿಂದ ತಾನೆ ಬಂದಿರೋದು?"

ನಮ್ಮ ಎಲ್ಲ ಮನೆಗಳಲ್ಲೂ ಮಕ್ಕಳಿಗೆ ಹೇಳುವ ಕಥೆ ಅದು. ಹಂಪಿ ಹಾಳಾಯಿತಂತೆ, ನಮ್ಮವರು ಮಗ್ಗ ಬಿಚ್ಚಿ ತಲೆ ಮೇಲೆ ಹೊತ್ತುಕೊಂಡು ಘಾಟಿ ಇಳಿದು ಬಂದರಂತೆ. ಕರ್ನಾಟಕದವರು ಯಾರಾದರೂ ನಮ್ಮ ಮಾತು ಕೇಳಿ, "ನೀವು ತಮಿಳರಾ?" ಅಂತ ನಕ್ಕರೆ, ನಮ್ಮವರು ತಟ್ಟನೆ ಹೇಳುವುದು, "ಅಲ್ಲ, ನಾವು ಹಂಪಿಯವರು." ನಾನೂ ಹೇಳಿದ್ದೇನೆ, ಪಾರ್ಟಿಗಳಲ್ಲಿ. ನನಗೆ ಅದರಿಂದ ಏನೂ ಕೆಡಲಿಲ್ಲ, ಯಾಕೆಂದರೆ ನನ್ನ ಜೇಬಿನಲ್ಲಿ ಪಾಸ್‌ಪೋರ್ಟ್ ಇತ್ತು.

ಆ ಅಧಿಕಾರಿ ಒಳ್ಳೆಯವರೇ. ಕನ್ನಡದ ಹುಡುಗ ಅಂತ ಮಮತೆಯಿಂದ ತಾವೇ ಅರ್ಜಿ ತುಂಬಿಸಿದ್ದಾರೆ, ಊರು ಹಂಪಿ ಅಂತ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಫೈಲು ಸಮುದ್ರ ದಾಟಿ ಹಂಪಿಗೆ ಹೋಯಿತು. ಅಲ್ಲಿಯ ಪೊಲೀಸರು ಬೀದಿ ಬೀದಿ ವಿಚಾರಿಸಿ, ಈ ಹೆಸರಿನವನು, ಈ ಮನೆತನದವನು ಇಲ್ಲಿ ಯಾವತ್ತೂ ಇರಲಿಲ್ಲ ಅಂತ ಪ್ರಾಮಾಣಿಕವಾಗಿ ಬರೆದರು. ಫೈಲು ವಾಪಸ್ಸು ಬರುವ ಹೊತ್ತಿಗೆ ಆ ಅಧಿಕಾರಿಗೆ ವರ್ಗವಾಗಿತ್ತು. ರಾಮಲಿಂಗಂ ಯಾವ ದೇಶದವನೂ ಅಲ್ಲ ಅಂತಾಯಿತು.

"ಈಗ ಬೇರೆ ಏನೂ ಬೇಡ ಭಾವಾ" ಅಂದ. "ಅವ್ವಂಗೆ ವಯಸ್ಸಾಯ್ತು. ಅವಳಿರೋ ಕಾಲಕ್ಕೆ ಮನೆ ಸೇರ್ಬೇಕು. ಅವಳು ಹೋದ್ಮೇಲೆ ಹೋಗಿ ಏನು ಮಾಡ್ಲಿ ನಾನು?"

ಆಯಿತು ಅಂದೆ. ಸುಲಭದ ಕೆಲಸ ಅಂತ ನಿಜವಾಗಿಯೂ ನಂಬಿದ್ದೆ.

ಕಚೇರಿಗೆ ಬಂದು ನನ್ನ ಮೇಲಿನವರಿಗೆ ಹೇಳಿದೆ. ಅವರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಪೈಕಿ, ಅದರಿಂದಲೇ ಅಷ್ಟು ಎತ್ತರಕ್ಕೆ ಹೋದವರು. "ಮೊದಲು ಒಂದೂರು ಹೇಳಿದಾನೆ, ಅದು ಸುಳ್ಳಾಯ್ತು. ಈಗ ಇನ್ನೊಂದೂರು ಹೇಳ್ತಿದಾನೆ. ನಾಳೆ ಮೂರನೇದು ಹೇಳಲ್ಲ ಅಂತ ಏನು ಗ್ಯಾರಂಟಿ?" ಅಂದರು. ನಮ್ಮ ಜನರಲ್ಲಿ ಹೀಗೊಂದು ವಾಡಿಕೆ ಇದೆ ಅಂತ ವಿವರಿಸಿದೆ. "ಬರೆದು ಕೊಡಿ" ಅಂದರು. ಬರೆದು ಕೊಟ್ಟೆ. ಅದರ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದರು: ಐತಿಹಾಸಿಕ ಆಧಾರ ಒದಗಿಸಿ.

ನಾನು ಇತಿಹಾಸಕಾರನಾದದ್ದು ಹೀಗೆ. ಕೋಚಿಂಗ್ ಸೆಂಟರಿನವರು ಸಣ್ಣಂದಿನ ಆಸಕ್ತಿ ಅಂದುಕೊಂಡಿದ್ದಾರೆ. ಆಸಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಒಬ್ಬ ಮನುಷ್ಯನನ್ನು ಜೈಲಿನಿಂದ ಬಿಡಿಸಲು ಹಂಪಿಯ ಕಥೆಗೆ ಆಧಾರ ಹುಡುಕಿದೆ. ಸಿಕ್ಕಿದ ಪುಸ್ತಕ ತರಿಸಿದೆ, ವಿದ್ವಾಂಸರಿಗೆ ಬರೆದೆ, ರಜೆಯಲ್ಲಿ ಬಂದು ನಮ್ಮ ಹಿರಿಯರನ್ನು ಕೂರಿಸಿಕೊಂಡು ಕೇಳಿದೆ. ಅವನ ತಾಯಿಯ ಮನೆಗೆ ಹೋಗಬೇಕು ಅಂತ ಮಾತ್ರ ಹೊಳೆಯಲಿಲ್ಲ, ಕಾಗದವನ್ನಷ್ಟೇ ನೋಡಿ ರೂಢಿಯಾಗಿತ್ತು. ಕನ್ನಡ ಅಕ್ಷರ ಕಲಿತಿದ್ದೂ ಆಗಲೇ. ದೊಡ್ಡ ಟಿಪ್ಪಣಿ ಮಾಡಿ ಮುಂದಿಟ್ಟೆ. ಮೇಲಿನವರು ಪೂರ್ತಿ ಓದಿದರು, ಸುಳ್ಳು ಹೇಳಬಾರದು. "ಚೆನ್ನಾಗಿದೆ ರೀ, ಪುಸ್ತಕ ಮಾಡಿ. ಆದ್ರೆ ಇದರಿಂದ ಇವನು ಕೋಯಮತ್ತೂರಿನವನು ಅಂತ ಸಾಬೀತಾಗಲ್ಲವಲ್ಲ" ಅಂದರು. ಹೌದು, ಆಗುವುದಿಲ್ಲ. ನನಗೆ ಅವರ ಮೇಲೆ ಕೋಪ ಬರಲಿಲ್ಲ, ನಾನು ಅವರ ಕುರ್ಚಿಯಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ.

ಕಡೆಗೂ ಫೈಲನ್ನು ಇತ್ತ ಕೋಯಮತ್ತೂರಿಗೆ ಕಳಿಸಿದರು. ಒಬ್ಬ ಕಾನ್‌ಸ್ಟೇಬಲ್ ಸೌಡಮ್ಮನ ಮನೆಗೆ ಹೋದ. ಅವನ ಕೈಯಲ್ಲಿದ್ದದ್ದು ಝೆರಾಕ್ಸಿನ ಝೆರಾಕ್ಸ್, ಮುಖ ಇರುವ ಕಡೆ ಕರೀ ಮಸಿ. ಜೊತೆಗೆ ಹಳೇ ವರದಿ. "ಹಂಪಿಯವನು ಅಂತ ಹೇಳ್ಕೊಂಡು ಒಬ್ಬ ಪರದೇಶದ ಜೈಲಲ್ಲಿದಾನೆ, ನಿನ್ನ ಮಗನಾ?" ಅಂತ ಕೇಳಿದನಂತೆ. ಸೌಡಮ್ಮ ಮಸಿಯನ್ನು ನೋಡಿದಳು. ಅಕ್ಕಪಕ್ಕದವರು, ಇದೆಲ್ಲ ಮೋಸದವರ ಕೆಲಸ, ಹೂಂ ಅಂದುಬಿಟ್ಟೀಯ, ಅಂದರು. "ನನ್ನ ಮಗ ಈ ಮನೇಲಿ ಹುಟ್ಟಿದವನು. ಹಂಪಿಯವನಲ್ಲ" ಅಂತ ಹೇಳಿ ಕಳಿಸಿದಳು. ತಾಯಿ ನಿರಾಕರಿಸಿದ್ದಾಳೆ ಅಂತ ವರದಿ ಬಂತು.

ನಾನು ರಜೆ ಹಾಕಿ ಬಂದೆ. ಸೌಡಮ್ಮ ಬಾಗಿಲ ಬೆಳಕಿಗೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಅವ್ವಾ ಅಂತ ಕೂಗಿ, ಕುಲ ಹೇಳಿ, ನಿಮ್ಮ ಕುಲದ ಅಳಿಯ ಅಂದೆ. "ಬಾ ಕಣ್ಣು, ಒಳಗೆ ಬಾ. ಅಳಿಯ ಅಂತೀಯ, ಹೊರಗೆ ನಿಲ್ತೀಯಲ್ಲ" ಅಂದಳು. ಮಗನ ವಯಸ್ಸಿನವರನ್ನು ನಮ್ಮ ಕಡೆ ಮುದ್ದಿಗೆ ಕಣ್ಣು ಅನ್ನುತ್ತಾರೆ. ಗಟ್ಟಿ ಹೆಂಗಸು, ನೆನಪು ಚುರುಕು, ಮಾತು ಇನ್ನೂ ಚುರುಕು. ನಾನು ಯಾವ ಪೀಠಿಕೆಯನ್ನೂ ಹಾಕದೆ ಫೋನಿನಲ್ಲಿ ರಾಮಲಿಂಗಂನ ಧ್ವನಿ ಹಾಕಿದೆ. ಬಂಧನ ಕೇಂದ್ರದಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. "ಅವ್ವಾ, ನಾನು. ಇರೋದು ಇದೀನಿ. ಬರ್ತೀನಿ. ಕಣ್ಣು ಕೆಡಿಸ್ಕೊಂಡು ನೂಲು ಸುತ್ತಬೇಡ" ಅಂತ ಇತ್ತು.

ಅವಳ ಕೈ ನಿಂತಿತು. "ಇನ್ನೊಂದ್ಸಲ ಹಾಕು" ಅಂದಳು. ಹಾಕಿದೆ. ಆಮೇಲೆ ತಲೆ ಚಚ್ಚಿಕೊಂಡಳು. "ಅಯ್ಯೋ ಸಾಮಿ, ನನ್ನ ಮಗನ್ನ ನನ್ನ ಬಾಯಾರೆ ಅಲ್ಲ ಅಂದೆನಲ್ಲೋ. ಅವನಾದ್ರೂ ಯಾಕೆ ಹಂಪಿ ಅಂದ?"

"ನೀನೇ ಹೇಳಿಕೊಟ್ಟಿದ್ದಲ್ವೇನವ್ವಾ?"

"ಕಥೆ ಹೇಳ್ದೆ ಕಣ್ಣು. ಉಣ್ಣಲಿ ಅಂತ ಹೇಳ್ದೆ. ಉಣ್ಣೋವಾಗ ಹಟ ಮಾಡ್ತಿದ್ದ" ಅಂದಳು.

ಅವಳನ್ನು ಕರೆದುಕೊಂಡು ಹೋಗಿ ಹೇಳಿಕೆ ಕೊಡಿಸಿದೆ. ತಮಿಳಿನಲ್ಲಿ ಸಹಿ ಹಾಕಿದಳು. ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಈಗ ಫೈಲಿನಲ್ಲಿ ತಾಯಿ ಅಲ್ಲ ಅಂದದ್ದೂ ಇತ್ತು, ಹೌದು ಅಂದದ್ದೂ ಇತ್ತು. ಯಾವುದು ನಿಜ ಅಂತ ಯಾರು ಹೇಳಬೇಕು? ರಕ್ತ ಪರೀಕ್ಷೆ ಮಾಡಿಸಿ ಅಂತ ಒಬ್ಬರು ಬರೆದರು. ಎರಡು ದೇಶದ ನಡುವೆ ರಕ್ತ ಕಳಿಸಲು ನಿಯಮ ಯಾವುದು ಅಂತ ಇನ್ನೊಬ್ಬರು ಕೇಳಿದರು. ಅಷ್ಟರಲ್ಲಿ ಹೊಸ ಪದ್ಧತಿ ಬಂತು, ಎಲ್ಲ ಪೋರ್ಟಲ್‌ನಲ್ಲಿ. ಹಳೆಯ ಫೈಲುಗಳನ್ನು ಹೊಸದಾಗಿ ಏರಿಸಬೇಕು. ಏರಿಸುವಾಗ ಹುಟ್ಟಿದ ಊರು ಅನ್ನುವ ಜಾಗದಲ್ಲಿ ಹಳೆಯ ಕಾಗದದಲ್ಲಿದ್ದದ್ದನ್ನೇ ಹಾಕಿದರು. ಕಂಪ್ಯೂಟರು ಅದನ್ನು ತಾನಾಗಿಯೇ ಮತ್ತೆ ಹಂಪಿಗೆ ಕಳಿಸಿತು. ನಗಬೇಡಿ. ಹಿಂದೆಲ್ಲ ತಪ್ಪು ಮಾಡಿದ ಗುಮಾಸ್ತನ ಕೈಕಾಲು ಹಿಡಿದರೆ ತಿದ್ದುತ್ತಿದ್ದ. ಪೋರ್ಟಲ್‌ಗೆ ಕೈ ಎಲ್ಲಿದೆ, ಕಾಲು ಎಲ್ಲಿದೆ?

ಈ ನಡುವೆ ನಾನು ರಿಟೈರ್ ಆದೆ. ಹೊರಡುವ ಮುಂಚೆ ಬಂಧನ ಕೇಂದ್ರಕ್ಕೆ ಹೋಗಿ ರಾಮಲಿಂಗಂಗೆ ಹೇಳಿದೆ. "ಭಾವಾ, ನೀವು ಹೋದ್ಮೇಲೆ ಇಲ್ಲಿ ನನ್ನ ಹತ್ರ ಕನ್ನಡ ಆಡೋರು ಯಾರು?" ಅಂದ ಅಷ್ಟೇ.

ರಿಟೈರ್ ಆದವನು ಅಂದರೆ ಏನು ಅಂತ ನಿಮಗೆ ಗೊತ್ತಾಗಲು ಇನ್ನೂ ಕಾಲವಿದೆ. ನಾನೇ ಕಟ್ಟಿದ ಫೈಲಿನ ಬಗ್ಗೆ ಇಲ್ಲಿಯ ಪಾಸ್‌ಪೋರ್ಟ್ ಕಚೇರಿಯಲ್ಲಿ ಕೇಳಲು ಹೋದರೆ ಕೌಂಟರಿನ ಹುಡುಗಿ, "ಸಾರ್, ನೀವು ಅವರಿಗೆ ಏನಾಗಬೇಕು?" ಅಂದಳು. ಭಾವ ಆಗಬೇಕು ಅಂದೆ. ದಾಖಲೆ ಇದೆಯಾ ಅಂದಳು. ಅವಳ ತಪ್ಪೇನಿಲ್ಲ, ನಾವೇ ಅವಳಿಗೆ ಆ ಪಾಠ ಮಾಡಿದ್ದು. ಮನೆಗೆ ಬಂದು ಕಂಪ್ಯೂಟರ್ ತೆಗೆದರೆ ಹಸಿರು ಅಕ್ಷರದಲ್ಲಿ "ಪರಿಶೀಲನೆಯಲ್ಲಿದೆ" ಅಂತ ಬರುತ್ತಿತ್ತು.

ಸೌಡಮ್ಮನ ಮನೆಗೆ ಆಗಾಗ ಹೋಗಿ ಬರುತ್ತಿದ್ದೆ. ಮೊದಮೊದಲು ಹೊಸಲಲ್ಲೇ, "ಯಾವಾಗ ಬರ್ತಾನೆ?" ಅಂತ ಕೇಳುತ್ತಿದ್ದಳು. ಆಮೇಲೆ ಆಮೇಲೆ ನನ್ನನ್ನೇ ಅವನ ಹೆಸರಿನಿಂದ ಕರೆದು, ತಪ್ಪಾಯ್ತು ಅಂತ ನಗುತ್ತಿದ್ದಳು. ಒಂದು ದಿನ ಒಲೆ ಮೇಲೆ ಹಾಲಿಟ್ಟು ಮರೆತು ಬೀದಿಗೆ ಹೋಗಿಬಿಟ್ಟಿದ್ದಳಂತೆ. ಮಣಿಯ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣಾ, ಅತ್ತೆಗೆ ಮರೆವಿನ ಕಾಯಿಲೆ ಅಂತ ಡಾಕ್ಟ್ರು ಹೇಳಿದಾರೆ. ಬೇಗ ಏನಾದ್ರೂ ಮಾಡಿ" ಅಂದಳು. ಬೇಗ ಅನ್ನುವ ಪದ ನನ್ನ ಇಡೀ ನೌಕರಿಯಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಕಂಡಕಂಡವರಿಗೆ ಬರೆದೆ. ಹಳೆ ಸಹೋದ್ಯೋಗಿಗಳ ಕಾಲು ಹಿಡಿಯುವುದೊಂದು ಬಾಕಿ. ಒಬ್ಬಿಬ್ಬರು ಫೋನ್ ಎತ್ತುವುದನ್ನೇ ಬಿಟ್ಟರು.

ಕೂತು ಕೂತು ಸಾಕಾಗಿ ಆ ಟಿಪ್ಪಣಿಯನ್ನು ಪುಸ್ತಕ ಮಾಡಿದೆ. ನಮ್ಮ ಜನರ ಇತಿಹಾಸ, ಕನ್ನಡದಲ್ಲಿ. ಹಂಪಿಯಿಂದ ಬಂದೆವು ಅನ್ನುವುದಕ್ಕೆ ನಾನು ನೋಡಿದ ಯಾವ ದಾಖಲೆಯಲ್ಲೂ ಆಧಾರ ಸಿಗಲಿಲ್ಲ ಅಂತ ಬರೆದೆ. ಸಂಘದ ಹಿರಿಯರು ಮನೆಗೆ ಬಂದರು. ಅವರಲ್ಲಿ ಒಬ್ಬರಿಗೂ ಕನ್ನಡ ಓದಲು ಬಾರದು, ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದಿದ್ದರು. "ಹಂಪಿ ಇಲ್ಲ ಅಂದ್ರೆ ನಮ್ಗೆ ಇನ್ನೇನಿದೆ ಸಾರ್? ಆ ಒಂದು ಸಾಲು ತೆಗೀರಿ" ಅಂದರು. ಆ ಒಂದು ಸಾಲಿಗೆ ಒಬ್ಬ ಮನುಷ್ಯ ಅಲ್ಲಿ ಕೊಳೆಯುತ್ತಿದ್ದಾನೆ ಅಂತ ಹೇಳಿದೆ. ಅವರು ತಲೆ ತಗ್ಗಿಸಿದರು, ಆದರೆ ಸಾಲು ತೆಗೆಯಿರಿ ಅನ್ನುವುದನ್ನು ಬಿಡಲಿಲ್ಲ. ಆ ಕಡೆ ಕರ್ನಾಟಕದ ಒಬ್ಬ ಪ್ರಕಾಶಕರಿಗೆ ಕಳಿಸಿದರೆ, ವಿಷಯ ಪರವಾಗಿಲ್ಲ, ನಿಮ್ಮ ಕನ್ನಡ ತಿದ್ದಿಸಬೇಕು ಅಂತ ಬರೆದರು. ಕೈಯಿಂದಲೇ ದುಡ್ಡು ಕೊಟ್ಟು ಅಚ್ಚು ಹಾಕಿಸಿದೆ. ಪ್ರತಿಗಳು ಕಟ್ಟು ಬಿಚ್ಚದೆ ಮಂಚದ ಕೆಳಗಿವೆ.

ಒಂದು ದಿನ ಪೋರ್ಟಲ್‌ನಲ್ಲಿ ಹಸಿರು ಅಕ್ಷರ ಇರಲಿಲ್ಲ. ಪ್ರಯಾಣ ಪತ್ರ ಕೊಡಲಾಗಿದೆ ಅಂತ ಇತ್ತು. ಯಾವ ಕಾಗದದಿಂದ ಆಯಿತು, ಯಾರು ಸಹಿ ಮಾಡಿದರು, ಯಾರಿಗೂ ಗೊತ್ತಿಲ್ಲ. ನನ್ನ ಟಿಪ್ಪಣಿಯಿಂದಲ್ಲ, ಅಷ್ಟಂತೂ ಖಂಡಿತ.

ಕೋಯಮತ್ತೂರು ವಿಮಾನ ನಿಲ್ದಾಣಕ್ಕೆ ನಾನೂ ಮಣಿಯೂ ಹೋದೆವು. ರಾಮಲಿಂಗಂನ ಗಡ್ಡ ತೆಗೆಸಿದ್ದರು, ಕೆನ್ನೆ ಒಳಗೆ ಹೋಗಿತ್ತು, ಕೂದಲೆಲ್ಲ ಬಿಳಿ. ಅಣ್ಣನನ್ನು ಮಣಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವಿನಾಶಿ ರಸ್ತೆಯುದ್ದಕ್ಕೂ ರಾಮಲಿಂಗಂ ಬಾಯಿ ಮುಚ್ಚಲಿಲ್ಲ. ಇದು ಯಾವ ಸೇತುವೆ, ಆ ಮಿಲ್ಲು ಎಲ್ಲಿ ಹೋಯ್ತು, ಇಲ್ಲೊಂದು ಹುಣಿಸೇಮರ ಇತ್ತಲ್ಲ. ಎಲ್ಲ ಕನ್ನಡದಲ್ಲಿ, ಕೂಡಿಟ್ಟದ್ದನ್ನು ಒಂದೇ ಸಲ ಖರ್ಚು ಮಾಡುವವನ ಹಾಗೆ. ನಾನು ಅವನ ಕೈ ಹಿಡಿದು, "ನೋಡು, ಅವ್ವನಿಗೆ ಮರೆವು ಜಾಸ್ತಿಯಾಗಿದೆ. ಎಲ್ಲರನ್ನೂ ಮರೀತಾಳೆ" ಅಂದೆ.

"ಎಲ್ಲರನ್ನೂ ಮರೀಲಿ ಭಾವಾ, ನನ್ನ ಮರೀತಾಳಾ?" ಅಂತ ನಕ್ಕ.

ಸೌಡಮ್ಮ ಜಗುಲಿಯಲ್ಲಿ ಕೂತಿದ್ದಳು. ಮಣಿಯ ಹೆಂಡತಿ ತಲೆ ಬಾಚಿ, ಒಳ್ಳೆ ಸೀರೆ ಉಡಿಸಿ ಕೂರಿಸಿದ್ದಳು. ರಾಮಲಿಂಗಂ ಕಾರಿನಿಂದ ಇಳಿದವನು ನೆಟ್ಟಗೆ ಹೋಗಿ ಅವಳ ಕಾಲಿಗೆ ಬಿದ್ದು, "ಅವ್ವಾ, ಬಂದೆ" ಅಂದ. ಅವಳು ಗಡಿಬಿಡಿಯಿಂದ ಕಾಲು ಹಿಂದಕ್ಕೆ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, ಕೈ ಮುಗಿದಳು.

"ವಾಂಗೊ, ಉಕ್ಕಾರುಂಗೊ" ಅಂದಳು. ಬನ್ನಿ, ಕೂತ್ಕೊಳ್ಳಿ ಅಂತ, ತಮಿಳಿನಲ್ಲಿ. ಹೊರಗಿನವರಿಗೆ ಕೊಡುವ ಮರ್ಯಾದೆಯಲ್ಲಿ.

ಮಣಿ, "ಅವ್ವಾ, ಯಾರು ನೋಡು, ಅಣ್ಣ, ರಾಮಲಿಂಗಂ" ಅಂತ ಜೋರಾಗಿ ಹೇಳಿದ. ಅವಳು ಮಣಿಯನ್ನು ನೋಡಿದಳು, ಇವನನ್ನು ನೋಡಿದಳು. ರಾಮಲಿಂಗಂ ಅವಳ ಮೊಣಕಾಲು ಹಿಡಿದು, "ಅವ್ವಾ, ನಾನವ್ವಾ" ಅನ್ನುತ್ತಲೇ ಇದ್ದ. ಅವಳಿಗೆ ಕಸಿವಿಸಿಯಾಯಿತು, ಮನೆಗೆ ಬಂದವರನ್ನು ನೋಯಿಸಬಾರದಲ್ಲ ಅನ್ನುವ ಕಸಿವಿಸಿ. "ಎಂದ ಊರುಂಗೊ ನೀಂಗೊ?" ಅಂತ ಮೆಲ್ಲಗೆ ಕೇಳಿದಳು. ಯಾವ ಊರಿನವರು ನೀವು ಅಂತ.

ರಾಮಲಿಂಗಂ ನನ್ನ ಕಡೆ ನೋಡಿದ. ಅವನು ಅವಳ ಮೊಣಕಾಲಿನಿಂದ ಕೈ ತೆಗೆದು, ಎದ್ದು, ಒಂದು ಹೆಜ್ಜೆ ಹಿಂದೆ ನಿಂತು, ತಮಿಳಿನಲ್ಲಿಯೇ ಉತ್ತರ ಕೊಟ್ಟ. "ಪಕ್ಕತ್ತು ಊರುದಾನುಂಗಮ್ಮಾ." ಪಕ್ಕದ ಊರೇ ಅಮ್ಮಾ.

ಸೌಡಮ್ಮನಿಗೆ ಸಮಾಧಾನವಾಯಿತು. ಒಳಗೆ ತಿರುಗಿ ಸೊಸೆಗೆ ಕನ್ನಡದಲ್ಲಿ, "ಪಾಪ, ತುಂಬ ಬಳಲಿದಾರೆ ಕಣೆ. ಹಾಗೇ ಕಳಿಸ್ಬೇಡ, ಉಣ್ಣೋಕೆ ಹಾಕಿ ಕಳಿಸು" ಅಂದಳು.

ರಾಮಲಿಂಗಂ ಕೈ ತೊಳೆದು ಬಂದು ಎಲೆಯ ಮುಂದೆ ಕೂತ.